ಮೇಲೆ ವಿಮಾನ, ಕೆಳಗೆ ಕಬಡ್ಡಿ

ಕಬಡ್ಡಿಯಲ್ಲಿ ಅಂಪೈರ್‌ಗೆ ಕಣ್ಣಿನಷ್ಟೇ ಕಿವಿಯೂ ಬೇಕು. ನೋಡುವವರಿಗೆ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ಕಾಲು ಹಿಡಿದರೋ, ಗೆರೆ ದಾಟಿದನೋ, ಎಷ್ಟು ಜನರನ್ನು ಮುಟ್ಟಿ ಬಂದ ಎಂದು ನಾವು ಕಣ್ಣಲ್ಲೇ ಲೆಕ್ಕ ಹಾಕುತ್ತೇವೆ. ಆದರೆ ನಿಯಮ ಹೇಳುವುದು ಇನ್ನೂ ಒಂದಿದೆ. ರೈಡಿಗೆ ಹೋದವನು ಎದುರಿನವರ ಅಂಕಣಕ್ಕೆ ಕಾಲಿಡುವ ಮೊದಲೇ 'ಕಬಡ್ಡಿ ಕಬಡ್ಡಿ' ಶುರು ಮಾಡಬೇಕು. ಒಂದೇ ಉಸಿರಲ್ಲಿ, ಎಲ್ಲೂ ಕಡಿಯದೆ, ಕೇಳಿಸುವಂತೆ ಹೇಳುತ್ತಲೇ ಇರಬೇಕು. ನಡುವೆ ನಿಲ್ಲಿಸಿದರೆ ಅಂಪೈರ್ ವಾಪಸ್ ಕಳಿಸುತ್ತಾನೆ. ಎದುರಿನವರಿಗೆ ಒಂದು ಅಂಕ. ರೈಡ್ ಮಾಡುವ ಸರದಿಯೂ ಅವರಿಗೇ.

ಈ ಆಟವನ್ನು ಮುಂಬೈಯ ಘಾಟ್ಕೋಪರ್‌ನ ಮೈದಾನದಲ್ಲಿ ಆಡಿಸಿ ನೋಡಬೇಕು. ಹುಡುಗ ಉಸಿರೆಳೆದು ಒಳಗೆ ಹೋಗಿದ್ದಾನೆ. ಪೂರ್ವದ ಕಡೆಯಿಂದ ವಿಮಾನ ಬಂತು. ಅದರ ಸದ್ದು ಶುರುವಾಗಿ, ಏರಿ, ಇಳಿಯುವುದಕ್ಕೆ ಹೆಚ್ಚುಕಮ್ಮಿ ಅರ್ಧ ನಿಮಿಷ. ಒಂದು ರೈಡಿಗೆ ಇರುವ ಸಮಯವೂ 30 ಸೆಕೆಂಡು. ವಿಮಾನ ದಾಟುವಷ್ಟರಲ್ಲಿ ಹುಡುಗ ಇಬ್ಬರನ್ನು ಮುಟ್ಟಿ ಗೆರೆಗೆ ಬಂದು ಬಿದ್ದಿದ್ದಾನೆ. ಅವನು 'ಕಬಡ್ಡಿ' ಹೇಳುತ್ತಲೇ ಇದ್ದನಾ, ಇಲ್ವಾ? ದೇವರಿಗೇ ಗೊತ್ತು. ಹಿಡಿಯಲು ಹೋದವರು "ಉಸಿರು ಬಿಟ್ಟ, ನಾನು ಪಕ್ಕದಲ್ಲೇ ಇದ್ದೆ" ಅನ್ನುತ್ತಾರೆ. ಹುಡುಗ "ತಾಯಾಣೆ ಹೇಳ್ತಿದ್ದೆ ಮಾಸ್ಟ್ರೇ" ಅನ್ನುತ್ತಾನೆ. ಅಂಪೈರ್ ಮಾಸ್ಟ್ರು ಆಕಾಶ ನೋಡುತ್ತಾರೆ. ಜಗಳ ಕನ್ನಡದಲ್ಲಿ ಶುರುವಾಗಿ, ತುಳುವಿಗೆ ದಾಟಿ, ಮರಾಠಿಯಲ್ಲಿ ಮುಗಿಯುತ್ತದೆ. ಮುಗಿಯುವಷ್ಟರಲ್ಲಿ ಮುಂದಿನ ವಿಮಾನ.

ನಮ್ಮದು ಘಾಟ್ಕೋಪರ್, ಅಸಲ್ಫಾ, ವಿದ್ಯಾವಿಹಾರ ಕಡೆಯ ಕನ್ನಡದವರ ಸಣ್ಣ ಗುಂಪು. ಅರ್ಧ ಜನ ಕರಾವಳಿಯವರು. ಹೋಟೆಲ್ಲು, ಕ್ಯಾಂಟೀನು, ಬ್ಯಾಂಕು. ಇನ್ನರ್ಧ ವಿಜಯಪುರ, ಕಲಬುರಗಿ ಕಡೆಯವರು. ಅವರ ಅಪ್ಪಂದಿರು ಕಟ್ಟಡದ ಕೆಲಸಕ್ಕೆ ಬಂದರು, ಮಕ್ಕಳು ಈಗ ಟೆಂಪೋ ಇಟ್ಟಿದ್ದಾರೆ, ಕಾಂಟ್ರಾಕ್ಟು ಹಿಡಿದಿದ್ದಾರೆ, ಕಂಪ್ಯೂಟರ್ ಕೆಲಸದಲ್ಲಿದ್ದಾರೆ. ಮಳೆ ಕಳೆದು ಹವೆ ಸ್ವಲ್ಪ ತಂಪಾದ ಮೇಲೆ ವರ್ಷಕ್ಕೊಂದು ದಿನ ಮೈದಾನ ಹಿಡಿಯುತ್ತೇವೆ. ಬೆಳಗ್ಗೆಯಿಂದ ಆಟ, ಸಂಜೆ ಅದೇ ಮೈದಾನದ ಮೂಲೆಯಲ್ಲಿ ಸ್ಟೇಜು. ಇದನ್ನು ನಡೆಸುವವರ ಪೈಕಿ ನಾನೂ ಒಬ್ಬ. ಅಂದರೆ ಕುರ್ಚಿ ಎಣಿಸುವವನು, ಪಲಾವ್ ಎಷ್ಟು ಉಳಿಯಿತು ಎಂದು ನೋಡುವವನು.

ನಮ್ಮ ತಲೆ ಮೇಲೆ ಯಾಕೆ ಇಷ್ಟು ವಿಮಾನ ಅನ್ನುವುದಕ್ಕೆ ಕಾರಣ ಸರಳ. ಮುಂಬೈ ವಿಮಾನ ನಿಲ್ದಾಣದಲ್ಲಿ ಎರಡು ರನ್‌ವೇ ಇವೆ. ಎರಡೂ ಒಂದನ್ನೊಂದು ಅಡ್ಡ ಹಾಯುತ್ತವೆ. ಹಾಗಾಗಿ ಒಂದರಲ್ಲಿ ವಿಮಾನ ಓಡುವಾಗ ಇನ್ನೊಂದು ಸುಮ್ನೆ ಕೂರಬೇಕು. ದೊಡ್ಡ ರನ್‌ವೇ ಪೂರ್ವ ಪಶ್ಚಿಮವಾಗಿದೆ, ಜಾಸ್ತಿ ಕೆಲಸ ಅದರ ಮೇಲೇ. ವಿಮಾನಗಳು ಗಾಳಿಗೆ ಎದುರಾಗಿ ಏರುತ್ತವೆ, ಎದುರಾಗಿಯೇ ಇಳಿಯುತ್ತವೆ. ನಮ್ಮಲ್ಲಿ ಬಹುಪಾಲು ಗಾಳಿ ಕಡಲಿಂದ ಬೀಸುತ್ತದೆ. ಆದ್ದರಿಂದ ಇಳಿಯುವವು ವಾಶಿ ಕಡೆಯಿಂದ ಖಾಡಿ (ಕಡಲ ಹಿನ್ನೀರು) ದಾಟಿ, ಘಾಟ್ಕೋಪರ್ ಮೇಲೆ ಹಾದು, ಕುರ್ಲಾದ ಜರಿಮರಿಯ ಮಾಡುಗಳನ್ನು ಸವರಿಕೊಂಡು ಹೋಗುತ್ತವೆ. ಏರುವವು ವಿಲೇಪಾರ್ಲೆ, ಜುಹೂ ದಾಟಿ ಕಡಲಿಗೆ. ನಮ್ಮ ಪಾಲಿಗೆ ಇಳಿಯುವವು, ಪಾರ್ಲೆಯವರ ಪಾಲಿಗೆ ಏರುವವು. ಯಾರ ಪಾಲು ಕೆಟ್ಟದ್ದು ಎಂದು ಲೋಕಲ್ ರೈಲಿನಲ್ಲಿ ಎಷ್ಟು ಬೇಕಾದರೂ ಚರ್ಚೆ ಮಾಡಬಹುದು.

ಇಳಿಯುವ ವಿಮಾನ ಸಾಮಾನ್ಯವಾಗಿ 3 ಡಿಗ್ರಿ ಇಳಿಜಾರಿನಲ್ಲಿ ಬರುತ್ತದೆ. ಕಿಲೋಮೀಟರಿಗೆ ಸುಮಾರು 52 ಮೀಟರ್ ಕೆಳಗೆ. ಅಂದರೆ ರನ್‌ವೇ ತುದಿಯಿಂದ 3 ಕಿ.ಮೀ. ದೂರದಲ್ಲಿ ಅದು ನೆಲದಿಂದ ಬರೀ 160, 170 ಮೀಟರ್ ಎತ್ತರದಲ್ಲಿರುತ್ತದೆ. ಮುಂಬೈಯಲ್ಲಿ ಈಗ ಇದಕ್ಕಿಂತ ಎತ್ತರದ ಕಟ್ಟಡಗಳು ಬೇಕಾದಷ್ಟಿವೆ. ನಮ್ಮ ಕಡೆ ಇಲ್ಲ, ಯಾಕೆಂದರೆ ಇದೇ ವಿಮಾನಗಳ ದೆಸೆಯಿಂದ ಇಲ್ಲಿ ಎತ್ತರಕ್ಕೆ ಮಿತಿ ಇದೆ. ಚಕ್ರ ಬಿಚ್ಚಿಕೊಂಡಿರುವುದು ಕಾಣುತ್ತದೆ. ಕಿಟಕಿ ಕಾಣುತ್ತದೆ. ಮಕ್ಕಳು ಬಾಲದ ಬಣ್ಣ ನೋಡಿ ಕಂಪನಿ ಹೆಸರು ಹೇಳುತ್ತಾರೆ.

ಜನಜಂಗುಳಿಯ ಹೊತ್ತಿನಲ್ಲಿ ಗಂಟೆಗೆ 46 ವಿಮಾನ ಏರಿ ಇಳಿಯುತ್ತಿದ್ದವು. ದಟ್ಟಣೆ ಅತಿಯಾಯಿತು ಎಂದು 2024ರಲ್ಲಿ ಅದನ್ನು 44ಕ್ಕೆ ಇಳಿಸಿದರು. ಅದರಲ್ಲಿ ಅರ್ಧ ಇಳಿಯುವವು ಅಂದುಕೊಂಡರೂ ನಮ್ಮ ಮೈದಾನದ ಮೇಲೆ ಎರಡೂವರೆ, ಮೂರು ನಿಮಿಷಕ್ಕೊಂದು. ಕಬಡ್ಡಿಯ 20 ನಿಮಿಷದ ಒಂದು ಹಾಫ್‌ನಲ್ಲಿ ಏಳೆಂಟು ವಿಮಾನ. 2023ರ ದೀಪಾವಳಿಯ ಹಿಂದಿನ ದಿನ, ನವೆಂಬರ್ 11ರಂದು, ಒಂದೇ ದಿನಕ್ಕೆ 1,032 ವಿಮಾನ ಓಡಾಡಿ ಮುಂಬೈ ನಿಲ್ದಾಣ ತನ್ನದೇ ದಾಖಲೆ ಮುರಿಯಿತು. ಪೇಪರಿನವರು ಹೆಮ್ಮೆಯಿಂದ ಬರೆದರು. ಘಾಟ್ಕೋಪರ್‌ನಲ್ಲಿ ಆ ದಿನ ಪಟಾಕಿಯೂ ಇತ್ತು, ಅಲ್ವಾ, ಹಾಗಾಗಿ ಯಾರಿಗೂ ವ್ಯತ್ಯಾಸ ತಿಳಿದಿರಲಿಕ್ಕಿಲ್ಲ.

ಕಬಡ್ಡಿಯ ಜಗಳಕ್ಕೆ ನಾವು ಒಂದು ಮನೆಮದ್ದು ಮಾಡಿಕೊಂಡೆವು. ಸದ್ದು ಶುರುವಾದರೆ ಹೊಸ ರೈಡ್ ಶುರು ಮಾಡುವ ಹಾಗಿಲ್ಲ. ಒಳಗೆ ಇದ್ದವನ ತುಟಿ ನೋಡಿ ತೀರ್ಪು. ತುಟಿ ನೋಡುವುದಕ್ಕೆ ಎರಡೂ ಕಡೆ ಒಬ್ಬೊಬ್ಬರು ಅಂಕಣಕ್ಕೆ ಅಂಟಿಕೊಂಡು ನಿಲ್ಲಬೇಕು. ಇದು ಚೆನ್ನಾಗಿಯೇ ನಡೆಯಿತು, ಹುಡುಗರು ಇದರ ಒಳದಾರಿ ಹುಡುಕುವ ತನಕ. ಸುಸ್ತಾದ ತಂಡದ ನಾಯಕ ಪೂರ್ವದ ಕಡೆ ನೋಡುತ್ತಾ ನಿಧಾನವಾಗಿ ಚಡ್ಡಿ ಸರಿಮಾಡಿಕೊಳ್ಳುತ್ತಾನೆ. ಬಂತು ವಿಮಾನ. ಅರ್ಧ ನಿಮಿಷ ಪುಕ್ಕಟೆ ವಿಶ್ರಾಂತಿ. ಎದುರು ತಂಡದವರು ಕೂಗಾಡುತ್ತಾರೆ, ಕೇಳಿಸುವುದಿಲ್ಲ. ಈಗಿನ ಹುಡುಗರಿಗೆ ಫೋನಿನಲ್ಲಿ ಯಾವ ವಿಮಾನ ಎಲ್ಲಿದೆ ಎಂದು ತೋರಿಸುವ ಆ್ಯಪ್ ಬೇರೆ ಇದೆ. ಬೆಂಚಿನಲ್ಲಿ ಕೂತವನು "ಇನ್ನೊಂದು ವಾಶಿ ಹತ್ರ ಬಂತು" ಎಂದು ಬೆರಳು ತೋರಿಸುವುದನ್ನು ನಾನೇ ನೋಡಿದ್ದೇನೆ. ಇದು ಮೋಸವೋ ಜಾಣತನವೋ, ನಮ್ಮ ಸಮಿತಿಯಲ್ಲಿ ಇನ್ನೂ ಒಮ್ಮತ ಇಲ್ಲ.

ಸಂಗೀತ ಕುರ್ಚಿಯ ಕಥೆ ಇನ್ನೂ ತಮಾಷೆ. ಹಾಡು ನಿಂತದ್ದು ಕೇಳಿಸಿದರೆ ತಾನೇ ಕೂರುವುದು? ವಿಮಾನ ಮೇಲಿದ್ದಾಗ ಹಾಡು ನಿಲ್ಲಿಸಿದರೆ ಅರ್ಧ ಹೆಂಗಸರು ಕೂತಿರುತ್ತಾರೆ, ಉಳಿದವರು ಸುತ್ತುತ್ತಲೇ ಇರುತ್ತಾರೆ. ಕೂತವರು "ನಿಂತಿದೆ ಮಾರಾಯ್ತಿ" ಅನ್ನುತ್ತಾರೆ, ಸುತ್ತುವವರು "ನಾನು ಬಿಡೋದಿಲ್ಲ, ಇನ್ನೊಮ್ಮೆ" ಅನ್ನುತ್ತಾರೆ. ಬಹುಮಾನ ಒಂದು ಸ್ಟೀಲ್ ಡಬ್ಬಿ. ಜಗಳ ಮಾತ್ರ ಆಸ್ತಿಯದ್ದು.

ಕ್ರಿಕೆಟ್‌ಗೆ ಅಷ್ಟೊಂದು ತೊಂದರೆ ಇಲ್ಲ ಎಂದು ಕೆಲವರು ಹೇಳುತ್ತಾರೆ. ನಾವು ಆಡುವುದು ಟೆನಿಸ್ ಬಾಲಿನಲ್ಲಿ. ಅದರಲ್ಲಿ ಬ್ಯಾಟಿನ ಅಂಚಿಗೆ ತಾಗಿದ್ದು ವಿಮಾನ ಇಲ್ಲದಿದ್ದರೂ ಕೇಳಿಸುವುದಿಲ್ಲ. ಚರ್ಮದ ಚೆಂಡಾದರೆ ಬೇರೆ ಮಾತು. ಅಲ್ಲಿ ಕೀಪರ್‌ನ ಕ್ಯಾಚ್‌ಗೆ ಅಂಪೈರ್ ಆ ಸಣ್ಣ 'ಟಿಕ್' ಸದ್ದನ್ನೇ ನೆಚ್ಚಿಕೊಂಡಿರುತ್ತಾನೆ. ಆದರೆ ಟೆನಿಸ್ ಬಾಲಿನಲ್ಲೂ ಓಟಕ್ಕೆ ಕೂಗಬೇಕು, ಕ್ಯಾಚಿಗೆ 'ನಂದು' ಎಂದು ಕೂಗಬೇಕು. ಎತ್ತರದ ಕ್ಯಾಚಿಗೆ ಇಬ್ಬರು ಓಡಿ ಬಂದು, ಇಬ್ಬರೂ ಕೂಗಿ, ಇಬ್ಬರಿಗೂ ಕೇಳಿಸದೆ ಗುದ್ದಿಕೊಂಡರೆ ಹಲ್ಲು ಹೋಗುತ್ತದೆ. ಒಮ್ಮೆ ಹೋಗಿಯೂ ಇದೆ. ಹಗ್ಗಜಗ್ಗಾಟಕ್ಕೆ ಮಾತ್ರ ವಿಮಾನದ ಹಂಗೇ ಇಲ್ಲ. ಹಗ್ಗ ಎಳೆಯುವವರಿಗೆ ಕಿವಿ ಯಾಕೆ?

ಆಟವನ್ನು ಹೇಗಾದರೂ ಸುಧಾರಿಸಬಹುದು. ಕೈ ಸನ್ನೆ ಇದೆ, ತುಟಿ ಇದೆ, ಸೀಟಿ ಇದೆ. ನನಗೆ ನಿಜವಾಗಿ ಬೇಜಾರಾಗುವುದು ಸಂಜೆಯ ಕಾರ್ಯಕ್ರಮದ ವಿಷಯದಲ್ಲಿ.

ಹಿಂದೆ ನಮ್ಮ ಸಂಜೆಯಲ್ಲಿ ತಾಳಮದ್ದಳೆ ಇರುತ್ತಿತ್ತು. ಘಟ್ಟದ ಮೇಲಿನವರಿಗಾಗಿ ಎರಡು ಮಾತು: ಇದು ಯಕ್ಷಗಾನದ್ದೇ ಒಂದು ಬಗೆ, ಆದರೆ ಇದರಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ, ಅಂದರೆ ಹಾಡು, ಹೇಳುತ್ತಾರೆ, ಚೆಂಡೆ ಮದ್ದಳೆ ನಿಲ್ಲುತ್ತದೆ, ಆಮೇಲೆ ಕುಳಿತ ಅರ್ಥಧಾರಿಗಳು ಪಾತ್ರವಾಗಿ ವಾದ ಮಾಡುತ್ತಾರೆ. ಬರೆದಿಟ್ಟ ಮಾತಲ್ಲ. ಎದುರಿನವನ ಒಂದು ಮಾತು ಹಿಡಿದುಕೊಂಡು ಅದನ್ನೇ ತಿರುಗಿಸಿ ಹೊಡೆಯುವುದು. ಕೇಳುವವರೂ ಆ ಮಾತನ್ನು ಹಿಡಿದಿಟ್ಟುಕೊಂಡಿರಬೇಕು, ಇಲ್ಲದಿದ್ದರೆ ಹೊಡೆತದ ರುಚಿ ಸಿಗುವುದಿಲ್ಲ.

ಕೃಷ್ಣ ಸಂಧಾನಕ್ಕೆ ಬಂದಿದ್ದಾನೆ. ಕೌರವ ಒಂದು ಪ್ರಶ್ನೆ ಎಸೆದ. ಕೃಷ್ಣ ನಕ್ಕ, ಬಾಯಿ ತೆರೆದ. ಮೇಲೆ ವಿಮಾನ. ಅರ್ಥಧಾರಿ ಅನುಭವಸ್ಥನಾದರೆ ಸುಮ್ಮನಾಗುತ್ತಾನೆ. ಶಲ್ಯ ಸರಿಮಾಡುತ್ತಾನೆ, ನೀರು ಕುಡಿಯುತ್ತಾನೆ. ಸದ್ದು ಇಳಿದ ಮೇಲೆ ಒಂದು ಚಟಾಕಿ ಹಾರಿಸುತ್ತಾನೆ. ರಾಮಾಯಣದ ಪ್ರಸಂಗವಾದರೆ ಪುಷ್ಪಕ ವಿಮಾನ, ಮಹಾಭಾರತವಾದರೆ ಇಂದ್ರನ ರಥ. ಜನ ನಗುತ್ತಾರೆ. ಎರಡನೇ ಸಲವೂ ನಗುತ್ತಾರೆ. ಆಮೇಲೆ ಯಾರೂ ನಗುವುದಿಲ್ಲ. ಅಷ್ಟರಲ್ಲಿ ಕೌರವ ಏನು ಕೇಳಿದ್ದ ಎನ್ನುವುದೂ ಮರೆತಿರುತ್ತದೆ.

ಲೆಕ್ಕ ಹಾಕಿದರೆ ಗಂಟೆಯಲ್ಲಿ ವಿಮಾನದ ಸದ್ದು ಹೆಚ್ಚೆಂದರೆ ಹನ್ನೊಂದು ಹನ್ನೆರಡು ನಿಮಿಷ. ಉಳಿದ ನಲವತ್ತೆಂಟು ನಿಮಿಷ ನಿಮ್ಮದೇ ಅಲ್ವಾ, ಎಂದು ಒಬ್ಬರು ನನ್ನನ್ನು ಕೇಳಿದ್ದರು. ಹೌದು, ಆದರೆ ಅದು ಎರಡೆರಡು ನಿಮಿಷದ ತುಂಡುಗಳಾಗಿ ಸಿಗುತ್ತದೆ. ಎರಡು ನಿಮಿಷದಲ್ಲಿ ಒಂದು ಹಾಡು ಹೇಳಬಹುದು. ಒಂದು ವಾದ ಕಟ್ಟಲು ಆಗುವುದಿಲ್ಲ.

ಹೀಗೆ ತಾಳಮದ್ದಳೆ ಮೊದಲು ಎರಡು ಗಂಟೆಯಿಂದ ಒಂದು ಗಂಟೆಗೆ ಇಳಿಯಿತು. ಆಮೇಲೆ ಅರ್ಧ ಗಂಟೆ. ಆಮೇಲೆ ಪಟ್ಟಿಯಲ್ಲೇ ಇಲ್ಲ. ಯಾರೂ ತೆಗೆಯೋಣ ಅಂದವರಿಲ್ಲ. ನಾಟಕಕ್ಕೂ ಹಾಗೇ ಆಯಿತು. ಮಕ್ಕಳ ಕಥೆ ಹೇಳುವ ಸ್ಪರ್ಧೆ, ಹಿರಿಯರ ಭಾಷಣ ಎಲ್ಲ ಮೆಲ್ಲಗೆ ಕರಗಿದವು. ಭಾಷಣ ಹೋದದ್ದಕ್ಕೆ ನನಗೆ ದುಃಖ ಇಲ್ಲ, ಅದು ಬೇರೆ. ಉಳಿದದ್ದು ಯಾವುದು ನೋಡಿ. ಚೆಂಡೆ ವಾದನ. ಡೊಳ್ಳು. ರೆಕಾರ್ಡ್ ಹಾಡಿಗೆ ಗುಂಪು ಕುಣಿತ. ದೊಡ್ಡ ಸದ್ದಿನವು ಉಳಿದವು, ಮಾತಿನವು ಹೋದವು. ನಮ್ಮ ಸಮಿತಿಯಲ್ಲಿ ಇದಕ್ಕೆ ಕಾರಣ ಕೇಳಿದರೆ "ಈಗಿನ ಮಕ್ಕಳಿಗೆ ಕನ್ನಡ ಬರಲ್ಲ, ಮಾತು ಬೇಡ ಅವರಿಗೆ" ಅನ್ನುತ್ತಾರೆ. ಅದೂ ಇರಬಹುದು. ಆದರೆ ಅದೇ ಮಕ್ಕಳು ಮಳೆಗಾಲದಲ್ಲಿ ಊರಿನ ಯಕ್ಷಗಾನ ಮೇಳಗಳು ಮುಂಬೈಗೆ ಬಂದು ಹಾಲ್‌ನಲ್ಲಿ ಆಟ ಆಡಿದಾಗ ಕೂತು ಕೇಳುತ್ತಾರೆ. ಹಾಲ್‌ಗೆ ಮಾಡು ಇದೆ, ಗೋಡೆ ಇದೆ. ಮೈದಾನದ ಮಕ್ಕಳಿಗೆ ಕನ್ನಡ ಬರದೇ ಹೋದದ್ದಲ್ಲ, ಕೇಳಿಸದೇ ಹೋದದ್ದು ಎಂದು ನನ್ನ ವಾದ.

ಇದಕ್ಕೆ ಎಲ್ಲರಿಗೂ ಮೊದಲು ಹೊಳೆಯುವ ಪರಿಹಾರ ವಾಲ್ಯೂಮ್. ಸೌಂಡಿನ ಹುಡುಗ "ಆವಾಜ್ ವಾಢವೂ ಕಾ?" ಎಂದು ಕೇಳುತ್ತಾನೆ. ವಾಢವ್ ಅನ್ನುತ್ತೇವೆ. ಕಿವಿಗೆ ಎರಡು ಪಟ್ಟು ಅನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು. 10 ಡೆಸಿಬೆಲ್ ಅಂದರೆ ಆಂಪ್ಲಿಫೈಯರ್ ಹತ್ತು ಪಟ್ಟು ದುಡಿಯಬೇಕು. ಅಷ್ಟು ಏರಿಸಿದರೂ ವಿಮಾನ ಬಂದಾಗ ಮಾತು ಸ್ಪಷ್ಟ ಆಗುವುದಿಲ್ಲ. ಹೋದ ಮೇಲೆ ಮಾತ್ರ ಎದುರಿನ ಬಿಲ್ಡಿಂಗಿನ ಗಾಜು ಅದುರುತ್ತದೆ. ಅಲ್ಲಿಂದ ಯಾರೋ ಫೋನ್ ಮಾಡುತ್ತಾರೆ. ಪೊಲೀಸ್ ಜೀಪು ಬರುತ್ತದೆ. ಫೋನ್ ಮಾಡಿದವರದ್ದು ತಪ್ಪೇ? ಅಲ್ಲ. ಅವರ ಮನೆಯಲ್ಲಿ ಹತ್ತನೇ ಕ್ಲಾಸಿನ ಮಗು ಓದುತ್ತಿರುತ್ತದೆ.

ಕಾನೂನು ಅವರ ಕಡೆಗಿದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಮನೆಗಳಿರುವ ಜಾಗದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45. ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಬಯಲಿನಲ್ಲಿ ಮೈಕ್ ಇಲ್ಲ. 2005ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗಟ್ಟಿ ಮಾಡಿತು. ವರ್ಷಕ್ಕೆ 15 ದಿನ ಮಾತ್ರ ರಾಜ್ಯ ಸರ್ಕಾರ ಹನ್ನೆರಡರ ತನಕ ಬಿಡಬಹುದು. ಅವು ಗಣೇಶೋತ್ಸವ, ನವರಾತ್ರಿ, ವರ್ಷದ ಕೊನೆಯ ದಿನ ಇಂಥವಕ್ಕೆ ಹೋಗುತ್ತವೆ. ಹಾಗಾಗಿ ಇಡೀ ರಾತ್ರಿಯ ಯಕ್ಷಗಾನದ ಆಟ ಬಯಲಿನಲ್ಲಿ ಅಸಾಧ್ಯ. ಕಾಲಮಿತಿ ಯಕ್ಷಗಾನ ನಮಗೆಲ್ಲ ಅಭ್ಯಾಸ ಆಗಿಬಿಟ್ಟಿದೆ. ಹತ್ತಕ್ಕೆ ಐದು ನಿಮಿಷ ಇರುವಾಗ ಮಂಗಳ ಹಾಡುತ್ತೇವೆ. ಹತ್ತಕ್ಕೆ ಮೈಕ್ ಬಂದ್. ಹತ್ತೂವರೆಗೆ ಕುರ್ಚಿ ಮಡಚುವಾಗ ಮೇಲೆ ಅದೇ ಮೂರು ನಿಮಿಷಕ್ಕೊಂದು. ಮುಂಬೈ ನಿಲ್ದಾಣ ಇಪ್ಪತ್ನಾಲ್ಕು ಗಂಟೆಯೂ ತೆರೆದಿರುತ್ತದೆ.

ವಿಮಾನಕ್ಕೆ ನಿಯಮವೇ ಇಲ್ಲ ಅಂತಲ್ಲ. 2018ರಲ್ಲಿ ಕೇಂದ್ರ ಪರಿಸರ ಸಚಿವಾಲಯ ನಿಲ್ದಾಣದ ಸುತ್ತಲಿನ ಪ್ರದೇಶಕ್ಕೆ ಬೇರೆ ಮಿತಿ ಹಾಕಿತು. ದಟ್ಟಣೆಯ ನಿಲ್ದಾಣಗಳಿಗೆ ಹಗಲು 70, ರಾತ್ರಿ 65 ಡೆಸಿಬೆಲ್. ಇದು ಸರಾಸರಿಯ ಲೆಕ್ಕ. ವಿಮಾನ ಮೇಲಿದ್ದ ಅರ್ಧ ನಿಮಿಷ, ಇಲ್ಲದ ಎರಡು ನಿಮಿಷ, ಎಲ್ಲ ಕೂಡಿಸಿ ಹಂಚುವುದು. ನಿಲ್ದಾಣ ನಡೆಸುವವರಿಗೆ ಸರಾಸರಿ ಸಾಕು. ಅರ್ಥಧಾರಿ ಸರಾಸರಿಯಲ್ಲಿ ಮಾತಾಡುವುದಿಲ್ಲ.

ಎಂಜಿನ್‌ಗಳು ಮೊದಲಿಗಿಂತ ಮೆತ್ತಗಾಗಿವೆ, ಅದನ್ನು ಒಪ್ಪಲೇಬೇಕು. ಬ್ರಿಟನ್‌ನ ಜೇಮ್ಸ್ ಲೈಟ್‌ಹಿಲ್ 1952ರಲ್ಲಿ ಒಂದು ಲೆಕ್ಕ ಕೊಟ್ಟರು. ಜೆಟ್‌ನಿಂದ ಹೊರಬರುವ ಗಾಳಿಯ ವೇಗ ಎರಡು ಪಟ್ಟಾದರೆ ಸದ್ದಿನ ಶಕ್ತಿ 256 ಪಟ್ಟು ಏರುತ್ತದೆ. ಅಂದರೆ ಗಾಳಿಯನ್ನು ನಿಧಾನಕ್ಕೆ, ಆದರೆ ಜಾಸ್ತಿ ತಳ್ಳಿದರೆ ಸದ್ದು ಬಹಳ ಕಡಿಮೆ. ಅದಕ್ಕೇ ಈಗಿನ ಎಂಜಿನ್‌ಗಳ ಬಾಯಿ ಅಷ್ಟು ಅಗಲ. ಹೊಸ ಏರ್‌ಬಸ್ ಎ320 ನಿಯೋದ ಒಂದು ಬಗೆಯ ಎಂಜಿನ್‌ನಲ್ಲಿ ಒಳಗೆ ಉರಿಯುವ ಗಾಳಿಯ ಹನ್ನೊಂದು ಪಟ್ಟು ಗಾಳಿ ಸುಮ್ನೆ ಹೊರಗಿನಿಂದಲೇ ಹಾದುಹೋಗುತ್ತದೆ. ಆದರೆ ಇದರ ಲಾಭ ಜಾಸ್ತಿ ಸಿಗುವುದು ಏರುವ ಕಡೆಯವರಿಗೆ, ಪಾರ್ಲೆಯವರಿಗೆ. ಇಳಿಯುವಾಗ ಎಂಜಿನ್ ಹೇಗೂ ತಣ್ಣಗಿರುತ್ತದೆ. ಬಿಚ್ಚಿದ ಚಕ್ರ, ಇಳಿಸಿದ ರೆಕ್ಕೆಯ ಹಲಗೆಗಳು ಗಾಳಿ ಸೀಳುವ ಸದ್ದು ಆಗ ದೊಡ್ಡದು. ಅದಕ್ಕೆ ಇನ್ನೂ ಅಷ್ಟು ಒಳ್ಳೆಯ ಮದ್ದು ಸಿಕ್ಕಿಲ್ಲ. ಜೊತೆಗೆ, ಒಂದೊಂದು ವಿಮಾನದ ಸದ್ದು ಇಳಿದರೂ ವಿಮಾನಗಳೇ ಜಾಸ್ತಿ ಆದವು.

ಗೋವಾದ ವಾಸ್ಕೋದಲ್ಲಿರುವ ನನ್ನ ಚಿಕ್ಕಮ್ಮನ ಮಗನಿಗೆ ನಮ್ಮ ಈ ಗೋಳು ನಗು ತರಿಸುತ್ತದೆ. ಅಲ್ಲಿನ ದಾಬೋಳಿ ನಿಲ್ದಾಣ ಮೂಲತಃ ನೌಕಾಪಡೆಯದು, ಐಎನ್‌ಎಸ್ ಹಂಸ. ಮೊದಲು ಸೀ ಹ್ಯಾರಿಯರ್, ಈಗ ಮಿಗ್-29ಕೆ. ಯುದ್ಧವಿಮಾನದ ಎಂಜಿನ್ ಲೈಟ್‌ಹಿಲ್ ಮಾತು ಕೇಳುವುದಿಲ್ಲ. ಅದಕ್ಕೆ ವೇಗವೇ ಬೇಕು. "ನಿಮ್ಮಲ್ಲಿ ಮಾತು ನಿಲ್ಲುತ್ತೆ ಅಣ್ಣ, ನಮ್ಮಲ್ಲಿ ಯೋಚನೆನೇ ನಿಲ್ಲುತ್ತೆ" ಅನ್ನುತ್ತಾನೆ. ಆದರೆ ಅವು ಬರುವುದು ಹೊತ್ತು ಗೊತ್ತು ಮಾಡಿಕೊಂಡು, ಬಹುಪಾಲು ವಾರದ ದಿನಗಳ ಬೆಳಗ್ಗೆ. ಅವನ ಫುಟ್‌ಬಾಲ್ ಭಾನುವಾರ ಸಂಜೆ. ಬಚಾವ್.

ನಮಗೂ ಒಂದು ಸಲ ಬಚಾವ್ ಆಗುವ ಯೋಗ ಬಂದಿತ್ತು. 2019ರಲ್ಲಿ ಎರಡೂ ರನ್‌ವೇ ಸೇರುವ ಜಾಗವನ್ನೇ ರಿಪೇರಿ ಮಾಡಬೇಕಾಯಿತು. ಫೆಬ್ರವರಿ 7ರಿಂದ ಮಾರ್ಚ್ 30ರ ತನಕ ಮಂಗಳವಾರ, ಗುರುವಾರ, ಶನಿವಾರ ಬೆಳಗ್ಗೆ 11ರಿಂದ ಸಂಜೆ 5ರವರೆಗೆ ಇಡೀ ನಿಲ್ದಾಣ ಬಂದ್. ಆ ವರ್ಷ ನಮಗೆ ಮೈದಾನ ಸಿಕ್ಕಿದ್ದು ತಡವಾಗಿ, ಫೆಬ್ರವರಿಯ ಒಂದು ಶನಿವಾರ. ಭಾನುವಾರ ಸಿಗಲಿಲ್ಲ ಎಂದು ಎಲ್ಲರೂ ಗೊಣಗಿದರು.

ಹನ್ನೊಂದು ಗಂಟೆ ದಾಟಿದ ಮೇಲೆ ಏನೋ ಬೇರೆ ಅನಿಸತೊಡಗಿತು. ಏನೆಂದು ಯಾರಿಗೂ ತಕ್ಷಣ ಹೊಳೆಯಲಿಲ್ಲ. ಕಬಡ್ಡಿ ಅಂಕಣದ ಆಚೆ ಚಹಾ ಸೋಸುತ್ತಿದ್ದವರಿಗೂ ರೈಡರ್‌ನ ದನಿ ಕೇಳಿಸುತ್ತಿತ್ತು. ಕಾಮೆಂಟರಿ ಹೇಳುತ್ತಿದ್ದ ಶೆಟ್ರಿಗೆ ಮೈಕಿನಲ್ಲಿ ಎರಡೆರಡು ನಿಮಿಷಕ್ಕೆ ನಿಲ್ಲಿಸುವ ಅಭ್ಯಾಸ. ನಿಲ್ಲಿಸಿದರು, ಏನೂ ಬರಲಿಲ್ಲ, ಪೆಚ್ಚಾಗಿ ಮತ್ತೆ ಶುರು ಮಾಡಿದರು. ಮೈದಾನದ ಒಂದು ಬದಿಯಲ್ಲಿ ಹಿರಿಯ ಹೆಂಗಸರು ಕೂತು ಆಡುತ್ತಿದ್ದ ಮನೆಮಾತು ಇನ್ನೊಂದು ಬದಿಗೆ ಕೇಳಿ, ಅದರಿಂದ ಒಂದು ಸಣ್ಣ ಮನಸ್ತಾಪವೂ ಆಯಿತು. ಮಧ್ಯಾಹ್ನ ಊಟದ ಹೊತ್ತಿಗೆ ಕುಂದಾಪುರದ ಕಡೆಯ ಹಿರಿಯರೊಬ್ಬರು ಸುಮ್ನೆ ಕೂತಲ್ಲೇ ಒಂದು ಪದ ಎತ್ತಿದರು. ಮೈಕ್ ಇಲ್ಲ. ಇನ್ನೊಬ್ಬರು ಅರ್ಥ ಹೇಳಿದರು. ಮತ್ತೊಬ್ಬರು ಅದಕ್ಕೆ ಎದುರು ಹೇಳಿದರು. ಪಲಾವ್ ತಟ್ಟೆ ಕೈಯಲ್ಲಿ ಹಿಡಿದವರೆಲ್ಲ ಸುತ್ತ ನಿಂತರು. ಮಕ್ಕಳೂ ಇದ್ದರು, ಆ ಕನ್ನಡ ಬಾರದ ಮಕ್ಕಳು. ಒಂದು ಗಂಟೆಗೂ ಮೀರಿ ನಡೆಯಿತು. ಲಿಂಬೆ ಚಮಚ ಓಟ ಮುಂದಕ್ಕೆ ಹೋಯಿತು, ಯಾರೂ ಕೇಳಲಿಲ್ಲ.

ಐದಕ್ಕೆ ನಿಲ್ದಾಣ ತೆರೆಯಿತು. ಆರು ಗಂಟೆಯ ಬಾಕಿ ತೀರಿಸುವುದಕ್ಕೆ ಅವಸರ ಅವಸರವಾಗಿ ಬಂದವು. ಸಂಜೆಯ ಸ್ಟೇಜಿನಲ್ಲಿ ಡೊಳ್ಳು ಬಿಟ್ಟು ಏನೂ ಕೇಳಿಸಲಿಲ್ಲ.

ಈಗಲೂ ಮಳೆಗಾಲದ ಮೊದಲು, ಮಳೆಗಾಲದ ನಂತರ ಒಂದೊಂದು ದಿನ ರನ್‌ವೇಗಳನ್ನು 11ರಿಂದ 5ರ ತನಕ ಮುಚ್ಚುತ್ತಾರೆ. 2024ರಲ್ಲಿ ಮೇ 9 ಮತ್ತು ಅಕ್ಟೋಬರ್ 17. ಎರಡೂ ಗುರುವಾರ. ಮೇ ತಿಂಗಳ ಬಿಸಿಲಿನಲ್ಲಿ, ಅದೂ ಗುರುವಾರ, ಹೋಟೆಲ್ ಬಿಟ್ಟು ಕಬಡ್ಡಿಗೆ ಯಾರು ಬರುತ್ತಾರೆ? 2020ರಲ್ಲಿ ಮಾರ್ಚ್ 25ರಿಂದ ಎರಡು ತಿಂಗಳು ಆಕಾಶ ಹೆಚ್ಚುಕಮ್ಮಿ ಖಾಲಿ ಇತ್ತು. ಮೈದಾನವೂ ಖಾಲಿ ಇತ್ತು.

ದುಡ್ಡಿರುವವರ ಆಟಕ್ಕೆ ಬೇರೆ ದಾರಿ ಇದೆ. ಅಮೆರಿಕದ ಯುಎಸ್ ಓಪನ್ ಟೆನಿಸ್ 1978ರಲ್ಲಿ ನ್ಯೂಯಾರ್ಕಿನ ಫ್ಲಶಿಂಗ್ ಮೆಡೋಸ್‌ಗೆ ಹೋಯಿತು. ಪಕ್ಕದಲ್ಲೇ ಲಗಾರ್ಡಿಯಾ ವಿಮಾನ ನಿಲ್ದಾಣ. ಸರ್ವ್ ಮಾಡುವವನ ತಲೆ ಮೇಲೇ ವಿಮಾನ. ಆಟಗಾರರು ವರ್ಷಗಟ್ಟಲೆ ಬೈದರು. 1990ರಲ್ಲಿ ಡೇವಿಡ್ ಡಿಂಕಿನ್ಸ್ ಅಲ್ಲಿನ ಮೇಯರ್ ಆದರು. ಅವರಿಗೆ ಟೆನಿಸ್ ಹುಚ್ಚು. ವಿಮಾನಯಾನದವರ ಜೊತೆ ಮಾತಾಡಿ, ಟೂರ್ನಿಯ ದಿನಗಳಲ್ಲಿ ಆದಷ್ಟೂ ಬೇರೆ ದಾರಿಯಲ್ಲಿ ವಿಮಾನ ಹೋಗುವ ವ್ಯವಸ್ಥೆ ಮಾಡಿಸಿದರು. ಇದನ್ನು ನಾನು ಸಮಿತಿಯಲ್ಲಿ ಹೇಳಿದಾಗ ಖಜಾಂಚಿ ಅಣ್ಣ "ನಮ್ಮ ನಗರಸೇವಕನಿಗೆ ಕಬಡ್ಡಿ ಹುಚ್ಚು ಹಿಡಿಸೋಣ" ಅಂದರು. ಹಿಡಿದರೂ ಮುಂಬೈಯಲ್ಲಿ ತಿರುಗಿಸಲು ಇನ್ನೊಂದು ದಾರಿ ಎಲ್ಲಿದೆ? ಎರಡನೇ ರನ್‌ವೇಯ ಎದುರು ಟ್ರಾಂಬೆಯ ಗುಡ್ಡ, ಅಣುಶಕ್ತಿ ಕೇಂದ್ರ. ನಮ್ಮ ಮೇಲಿಂದ ತೆಗೆದರೆ ಇನ್ಯಾರದ್ದೋ ಮೇಲೆ ಹಾಕಬೇಕು.

ನವಿ ಮುಂಬೈಯ ಹೊಸ ನಿಲ್ದಾಣದ ಮೇಲೆ ಈಗ ಹಲವರ ಕಣ್ಣು. 2025ರ ಅಕ್ಟೋಬರ್ 8ರಂದು ಉದ್ಘಾಟನೆ ಆಯಿತು, ಡಿಸೆಂಬರ್ 25ರಿಂದ ವಿಮಾನ ಶುರು. ಒಂದಿಷ್ಟು ಅಲ್ಲಿಗೆ ಹೋದರೆ ನಮಗೆ ಹಗುರ ಆಗಬಹುದು ಎಂಬ ಆಸೆ. ನನಗೆ ಅಷ್ಟು ನಂಬಿಕೆ ಇಲ್ಲ. ಇಲ್ಲಿ ಒಂದು ಜಾಗ ಖಾಲಿಯಾದರೆ ಅದಕ್ಕೆ ಹತ್ತು ವಿಮಾನ ಸಾಲು ನಿಂತಿರುತ್ತವೆ. ಜರ್ಮನಿಯ ಮ್ಯೂನಿಕ್‌ನಲ್ಲಿ 1992ರಲ್ಲಿ ಹಳೆಯ ನಿಲ್ದಾಣ ಪೂರ್ತಿ ಮುಚ್ಚಿ ಹೊಸದು ತೆರೆದರು. ಎರಡೂ ಕಡೆಯ ಮಕ್ಕಳನ್ನು ಸಂಶೋಧಕರು ಮೊದಲೂ ನಂತರವೂ ಪರೀಕ್ಷೆ ಮಾಡಿದ್ದರು. ಹಳೆಯದರ ಬಳಿಯ ಮಕ್ಕಳ ಓದು, ನೆನಪು ಸುಧಾರಿಸಿತು. ಹೊಸದರ ಬಳಿಯ ಮಕ್ಕಳದ್ದು ಇಳಿಯಿತು. ಇಲ್ಲಿ ಹಳೆಯದನ್ನು ಮುಚ್ಚುವ ಮಾತೇ ಇಲ್ಲ. ಹೊಸ ನಿಲ್ದಾಣದ ಪಕ್ಕದ ಉಲ್ವೆ, ಪನ್ವೇಲ್ ಕಡೆ ಹೊಸದಾಗಿ ಮನೆ ಮಾಡಿದ ನಮ್ಮವರೂ ಸಾಕಷ್ಟಿದ್ದಾರೆ.

ಈ ಸಲದ ಸಮಿತಿ ಸಭೆಯಲ್ಲಿ ನಾನು ತಾಳಮದ್ದಳೆಯ ವಿಷಯ ಎತ್ತಿದೆ. ಮೈದಾನದಲ್ಲಿ ಬೇಡ, ಪಕ್ಕದ ಶಾಲೆಯ ಹಾಲ್ ಹಿಡಿಯೋಣ, ಮಧ್ಯಾಹ್ನ ಊಟದ ನಂತರ ಎರಡು ಗಂಟೆ, ಕಿಟಕಿ ಮುಚ್ಚಿ, ಮೈಕ್ ಇಲ್ಲದೆ. ನವಿ ಮುಂಬೈಯ ನೆರೂಲ್‌ಗೆ ಮನೆ ಬದಲಿಸಿದ ಒಬ್ಬ ಹುಡುಗ "ಇಡೀ ಕಾರ್ಯಕ್ರಮ ನಮ್ಮ ಕಡೆ ತನ್ನಿ, ಅಲ್ಲಿ ಮೈದಾನ ದೊಡ್ಡದು" ಅಂದ. ಅಷ್ಟು ದೂರ ಮುದುಕರು ಬರುವುದಿಲ್ಲ ಎಂದು ಅಕ್ಕಂದಿರು ತಳ್ಳಿಹಾಕಿದರು. ಹಾಲ್ ಎಲ್ಲರಿಗೂ ಒಪ್ಪಿಗೆ. ಕಬಡ್ಡಿ ಮೈದಾನದಲ್ಲೇ, ಹಳೆಯ ವಿಮಾನದ ನಿಯಮದೊಂದಿಗೆ. ಆದರೆ ಬೆಂಚಿನಲ್ಲಿ ಫೋನ್ ಹಿಡಿಯುವ ಹಾಗಿಲ್ಲ ಎಂದು ಮಾಸ್ಟ್ರು ಹಟ ಹಿಡಿದಿದ್ದಾರೆ. ಹಾಲ್‌ನ ಬಾಡಿಗೆ ಎಲ್ಲಿಂದ ತರುವುದು ಎಂಬಲ್ಲಿ ಸಭೆ ನಿಂತಿದೆ. ಸ್ಪೀಕರ್ ಸೆಟ್ ಒಂದು ಸೈಜು ಕಡಿಮೆ ಮಾಡಿದರೆ ಅಷ್ಟು ದುಡ್ಡು ಉಳಿಯುತ್ತದೆ ಎಂದು ನಾನು ಹೇಳಿದ್ದೇನೆ. ಡ್ಯಾನ್ಸಿನ ಮಕ್ಕಳ ತಾಯಂದಿರು ಅದಕ್ಕೆ ಒಪ್ಪುತ್ತಿಲ್ಲ. ಮುಂದಿನ ಭಾನುವಾರ ಮತ್ತೆ ಸೇರುತ್ತೇವೆ.